ಮರಿಹಕ್ಕಿಯ ಉಸಿರು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಸಮೀಪವಾಗಿ, ಕೊಕ್ಕರೆ ಬೆಳ್ಳೂರು ಎಂಬ ಗ್ರಾಮವಿದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ದಾಟಿ, ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿ ಸುಮಾರು 12 ಕಿಲೋಮೀಟರು ಸಾಗಿದರೆ ಈ ಊರು ಸಿಗುತ್ತದೆ. ಹೊಲಗದ್ದೆ, ಹೆಂಚಿನ ಮನೆ, ದನದ ಕೊಟ್ಟಿಗೆ, ತಿಪ್ಪೆಗುಂಡಿ - ಇವೆಲ್ಲ ಮೈಸೂರು ಸೀಮೆಯ ಇತರ ಹಳ್ಳಿಗಳಲ್ಲಿರುವಂತೆಯೇ ಇಲ್ಲಿಯೂ ಇವೆ. ಆದರೆ ಮಾಗಿಯ ಚಳಿ ಕಾಲಿಟ್ಟಿತೆಂದರೆ ಊರಿನ ರೂಪವೇ ಬೇರೆಯಾಗುತ್ತದೆ. ಮನೆಗಳ ನಡುವೆ, ಹಿತ್ತಿಲುಗಳಲ್ಲಿ, ಬೀದಿಯ ಬದಿಯಲ್ಲಿ ನಿಂತಿರುವ ಹುಣಸೆ ಮತ್ತು ಅರಳಿ ಮರಗಳ ನೆತ್ತಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದಿಳಿಯುತ್ತವೆ. ಕಡ್ಡಿಕಸ ತಂದು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳನ್ನು ಬೆಳೆಸಿ, ಮುಂಗಾರು ಕಾಲಿಡುವ ವೇಳೆಗೆ ಅವು ಮರಿಗಳೊಡನೆ ತೆರಳುತ್ತವೆ.

ಈ ಹಕ್ಕಿಗಳನ್ನು ಊರಿನವರು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಹಿಕ್ಕೆಯಿಂದ ಹುಣಸೆಯ ಫಸಲು ಕೆಟ್ಟರೂ ಮರವನ್ನು ಕಡಿಯದೆ ಉಳಿಸಿಕೊಂಡು ಬಂದಿದ್ದಾರೆ. ಅದೇ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರವೂ ಆಗುತ್ತದೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಪಕ್ಷಿಧಾಮವನ್ನು ಹೊರಜಗತ್ತಿನ ಗಮನಕ್ಕೆ ತಂದರು. ಅನಂತರ ಮರದ ಒಡೆಯರಿಗೆ ಸರ್ಕಾರದಿಂದ ಪರಿಹಾರಧನ ಸಲ್ಲತೊಡಗಿತು. 1990ರ ದಶಕದ ನಡುವಿನಲ್ಲಿ ಊರಿನ ತರುಣರು ಸೇರಿ ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿದರು. 2007ರಲ್ಲಿ ಈ ಗ್ರಾಮವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಎತ್ತರದ ಗೂಡಿನಲ್ಲಿ ಬೆಳೆಯುವ ಮರಿಗೆ ಅಪಾಯಗಳು ಹಲವು. ಬಿರುಗಾಳಿಗೆ ಕೊಂಬೆ ತೂಗಾಡಿದಾಗಲೋ, ಊಟಕ್ಕಾಗಿ ಒಡಹುಟ್ಟುಗಳು ನೂಕಾಡಿದಾಗಲೋ ಎಳೆಯ ಮರಿಯೊಂದು ನೆಲಕ್ಕೆ ಬೀಳುವುದುಂಟು. ಬಿದ್ದ ಮರಿಯನ್ನು ತಾಯಿಹಕ್ಕಿ ಮತ್ತೆ ಗೂಡಿಗೆ ಎತ್ತಿಕೊಳ್ಳಲಾರದು. ಬಳಗದವರು ಅಂತಹ ಮರಿಗಳನ್ನು ತಂದು, ಬೇಲಿ ಹಾಕಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ ಸಾಕಿ, ರೆಕ್ಕೆ ಬಲಿತ ಮೇಲೆ ಹಾರಬಿಡುವ ಕಾರ್ಯದಲ್ಲಿ ತೊಡಗಿದರು. ಬಿದ್ದ ಮರಿಯನ್ನು ಕಂಡೊಡನೆ ಯಾರಿಗಾದರೂ ತೋಚುವುದು ಅದಕ್ಕೆ ತಿನ್ನಲು ಏನನ್ನಾದರೂ ಕೊಡಬೇಕೆಂದು. ಆದರೆ ಮೀನಿಲ್ಲದೆ ಮರಿ ಕೆಲವು ಗಂಟೆ ಬದುಕೀತು. ಉಸಿರಿಲ್ಲದೆ ಕೆಲವು ನಿಮಿಷವೂ ಬದುಕಲಾರದು. ಆದುದರಿಂದ ಮರಿಹಕ್ಕಿಯನ್ನು ಉಳಿಸಬೇಕೆನ್ನುವವರು ಮೊದಲು ಅದರ ಉಸಿರನ್ನು ಅರಿಯಬೇಕು.

ಉಸಿರಾಟವೆಂದರೆ ಆಮ್ಲಜನಕವನ್ನು ಒಳಗೆ ಸೆಳೆದುಕೊಳ್ಳುವುದು ಎಂಬುದು ಎಲ್ಲರೂ ತಿಳಿದ ಮಾತು. ಅದು ಅರ್ಧ ಸತ್ಯ ಮಾತ್ರ. ದೇಹದ ಪ್ರತಿಯೊಂದು ಜೀವಕೋಶದಲ್ಲಿಯೂ ಆಹಾರವು ಆಮ್ಲಜನಕದೊಡನೆ ಸೇರಿ ಉರಿಯುತ್ತಿರುತ್ತದೆ. ಒಲೆಯಲ್ಲಿ ಸೌದೆ ಉರಿದಾಗ ಹೊಗೆ ಹೊರಡುವಂತೆ ಈ ಉರಿಯಿಂದ ಹೊರಡುವುದು ಇಂಗಾಲಾಮ್ಲ ವಾಯು. ರಸಾಯನಶಾಸ್ತ್ರದಲ್ಲಿ ಇದಕ್ಕೆ ಕಾರ್ಬನ್ ಡೈಆಕ್ಸೈಡ್ ಎಂದು ಹೆಸರು. ಹೊರಗಿನ ಗಾಳಿಯಲ್ಲಿ ಈ ವಾಯುವಿನ ಪಾಲು ಶೇಕಡಾ 0.04ರಷ್ಟು ಮಾತ್ರ. ರಕ್ತದಲ್ಲಿ ಇದು ಹೆಚ್ಚಾದರೆ ರಕ್ತದ ಆಮ್ಲಗುಣ ಹೆಚ್ಚುತ್ತದೆ. ಕಡಿಮೆಯಾದರೆ ಕ್ಷಾರಗುಣ ಹೆಚ್ಚುತ್ತದೆ. ಎರಡೂ ಜೀವಕ್ಕೆ ಕೇಡು. ಆದುದರಿಂದ ಇದನ್ನು ಹೊರಹಾಕುವುದಷ್ಟೇ ಅಲ್ಲ, ಹದವರಿತು ಹೊರಹಾಕುವುದೂ ಉಸಿರಿನ ಕೆಲಸ.

ಈ ಹದವನ್ನು ಕಾಯುವವರಾರು? ಇಂಗ್ಲೆಂಡಿನಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ವಿಜ್ಞಾನಿಗಳು 1905ರಲ್ಲಿ ಮನುಷ್ಯರ ಮೇಲೆ ಪರೀಕ್ಷೆ ನಡೆಸಿ ಇದಕ್ಕೆ ಉತ್ತರ ಕಂಡುಕೊಂಡರು. ಶ್ವಾಸಕೋಶದೊಳಗಿನ ಗಾಳಿಯಲ್ಲಿ ಇಂಗಾಲಾಮ್ಲ ವಾಯುವಿನ ಪಾಲು ಶೇಕಡಾ 0.2ರಷ್ಟು ಏರಿದರೆ ಸಾಕು, ಒಳಹೊರಗೆ ಹೋಗಿಬರುವ ಗಾಳಿಯ ಪ್ರಮಾಣ ಇಮ್ಮಡಿಯಾಗುತ್ತದೆ ಎಂದು ಅವರು ತೋರಿಸಿದರು. ಉಸಿರು ಕಟ್ಟಿ ನಿಂತವನಿಗೆ ಸ್ವಲ್ಪ ಹೊತ್ತಿನಲ್ಲಿಯೇ ತಡೆಯಲಾರದ ಚಡಪಡಿಕೆ ಉಂಟಾಗುತ್ತದೆಯಷ್ಟೆ. ಅದಕ್ಕೆ ಮುಖ್ಯ ಕಾರಣ ಆಮ್ಲಜನಕದ ಕೊರತೆಯಲ್ಲ, ಇಂಗಾಲಾಮ್ಲ ವಾಯುವಿನ ಹೆಚ್ಚಳ. ಯಾವುದನ್ನು ಬರಿಯ ಕಸವೆಂದು ತಿಳಿಯಲಾಗಿತ್ತೋ ಅದೇ ಉಸಿರಿನ ಲಗಾಮನ್ನು ಹಿಡಿದಿದೆ!

ಹಕ್ಕಿಯಲ್ಲಿಯೂ ಈ ನಿಯಮವುಂಟು. ಆದರೆ ಹಕ್ಕಿಯ ಶ್ವಾಸಾಂಗಗಳ ರಚನೆ ಮನುಷ್ಯನದರಂತಲ್ಲ. ಮನುಷ್ಯನ ಶ್ವಾಸಕೋಶ ತಿದಿಯಂತೆ ಹಿಗ್ಗಿ ಕುಗ್ಗುತ್ತದೆ. ಎದೆ ಹೊಟ್ಟೆಗಳ ನಡುವಿನ ವಪೆ ಅದನ್ನು ನಡೆಸುತ್ತದೆ. ಹಕ್ಕಿಗೆ ಅಂತಹ ವಪೆಯಿಲ್ಲ. ಅದರ ಶ್ವಾಸಕೋಶಗಳು ಚಿಕ್ಕವು, ಬಿಗಿಯಾದವು, ಪಕ್ಕೆಲುಬುಗಳಿಗೆ ಅಂಟಿಕೊಂಡಂಥವು. ಅವುಗಳಿಗೆ ಕೂಡಿಕೊಂಡು ತೆಳುಪೊರೆಯ ಗಾಳಿಚೀಲಗಳಿವೆ. ಕೋಳಿಯಲ್ಲಿ ಇಂತಹ ಚೀಲಗಳು ಒಂಬತ್ತು. ಎದೆಯ ಮೂಳೆ ಕೆಳಗಿಳಿದಾಗ ಚೀಲಗಳು ಹಿಗ್ಗುತ್ತವೆ, ಮೇಲೇರಿದಾಗ ಕುಗ್ಗುತ್ತವೆ. ಹೊರಗಿನ ತಾಜಾ ಗಾಳಿಯ ಬಹುಭಾಗ ಮೊದಲು ಹಿಂದಿನ ಚೀಲಗಳನ್ನು ಸೇರಿ, ಅಲ್ಲಿಂದ ಶ್ವಾಸಕೋಶಕ್ಕೆ ಹರಿದು, ಮುಂದಿನ ಚೀಲಗಳಿಗೆ ಬಂದು, ಆ ಬಳಿಕ ಹೊರಬೀಳುತ್ತದೆ. ಒಮ್ಮೆ ಸೆಳೆದ ಗಾಳಿ ಈ ಪಯಣವನ್ನು ಮುಗಿಸಲು ಎರಡು ಉಸಿರುಗಳು ಬೇಕು. ಒಳಗೆಳೆಯುವಾಗಲೂ ಹೊರಬಿಡುವಾಗಲೂ ಶ್ವಾಸಕೋಶದ ಕೊಳವೆಗಳಲ್ಲಿ ಗಾಳಿ ಕಾಲುವೆಯ ನೀರಿನಂತೆ ಒಂದೇ ದಿಕ್ಕಿಗೆ ಹರಿಯುತ್ತಿರುತ್ತದೆ. ಕ್ನೂಟ್ ಷ್ಮಿಟ್-ನೀಲ್ಸನ್ ಮತ್ತು ಅವರ ಸಂಗಡಿಗರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1970ರ ಸುಮಾರಿಗೆ ನಡೆಸಿದ ಪ್ರಯೋಗಗಳು ಈ ದಾರಿಯನ್ನು ಸ್ಪಷ್ಟಪಡಿಸಿದವು.

ಇನ್ನೊಂದು ವಿಶೇಷವಿದೆ. ರಕ್ತನಾಳದಲ್ಲಿಯೂ ಮಿದುಳಿನಲ್ಲಿಯೂ ಇರುವ ಕಾವಲುಗಾರರಲ್ಲದೆ, ಹಕ್ಕಿಯ ಶ್ವಾಸಕೋಶದೊಳಗೇ ಇಂಗಾಲಾಮ್ಲ ವಾಯುವನ್ನು ಅಳೆಯುವ ನರಾಗ್ರಗಳಿವೆ. ಈ ವಾಯು ಕಡಿಮೆಯಾದಾಗ ಅವು ಮಿದುಳಿಗೆ ಬಿಡುವಿಲ್ಲದೆ ಸಂಕೇತ ಕಳುಹಿಸುತ್ತವೆ. ಹೆಚ್ಚಾದಾಗ ಸಂಕೇತಗಳು ವಿರಳವಾಗುತ್ತವೆ. ಕಾವಲುಗಾರನ ಕೂಗು ಅಡಗಿತೆಂದರೆ ಊರು ಎಚ್ಚರಗೊಳ್ಳುವಂತೆ, ಸಂಕೇತ ವಿರಳವಾದೊಡನೆ ಹಕ್ಕಿಯ ಉಸಿರು ಆಳವಾಗುತ್ತದೆ. ಪ್ರತಿಯೊಂದು ಉಸಿರನ್ನೂ ಹೀಗೆ ತೂಗಿ ನೋಡುವ ಏರ್ಪಾಡು ಇದು.

ಮರಿಯಲ್ಲಿ ಈ ಏರ್ಪಾಡು ಯಾವಾಗ ಮೊದಲಾಗುತ್ತದೆ? ಅದಕ್ಕೆ ಉತ್ತರ ಮೊಟ್ಟೆಯಲ್ಲಿದೆ. ಮೊಟ್ಟೆಯ ಚಿಪ್ಪು ಕಣ್ಣಿಗೆ ಮುಚ್ಚಿದ ಗೋಡೆಯಂತೆ ಕಂಡರೂ ಅದರಲ್ಲಿ ಅಸಂಖ್ಯ ಸೂಕ್ಷ್ಮ ರಂಧ್ರಗಳಿವೆ. ಕೋಳಿಮೊಟ್ಟೆಯೊಂದರಲ್ಲಿ ಸುಮಾರು 10,000 ರಂಧ್ರಗಳಿರುತ್ತವೆ. ಹರ್ಮನ್ ರಾನ್, ಅಮೋಸ್ ಆರ್ ಮತ್ತು ಪಗನೆಲ್ಲಿ ಎಂಬ ವಿಜ್ಞಾನಿಗಳು 1970ರ ದಶಕದಲ್ಲಿ ಇದರ ಲೆಕ್ಕವನ್ನು ಬಿಡಿಸಿಟ್ಟರು. 60 ಗ್ರಾಂ ತೂಕದ ಕೋಳಿಮೊಟ್ಟೆ ತನ್ನ 21 ದಿನಗಳ ಕಾವಿನ ಅವಧಿಯಲ್ಲಿ ಸುಮಾರು 6 ಲೀಟರ್ ಆಮ್ಲಜನಕವನ್ನು ಒಳಗೆ ತೆಗೆದುಕೊಂಡು, ಸುಮಾರು 4.5 ಲೀಟರ್ ಇಂಗಾಲಾಮ್ಲ ವಾಯುವನ್ನೂ 11 ಲೀಟರ್ ನೀರಾವಿಯನ್ನೂ ಹೊರಗೆ ಬಿಡುತ್ತದೆ. ಆದರೆ ಇಷ್ಟೆಲ್ಲ ನಡೆಯುವಾಗ ಮರಿಯ ಎದೆ ಅಲುಗುವುದಿಲ್ಲ. ಚಿಪ್ಪಿನ ಒಳಮೈಗೆ ಹೊಂದಿಕೊಂಡ ರಕ್ತನಾಳಗಳ ಪೊರೆಯೊಂದು ಶ್ವಾಸಕೋಶದ ಕೆಲಸವನ್ನು ಮಾಡುತ್ತಿರುತ್ತದೆ.

ಮರಿ ಬೆಳೆದಂತೆ ಅದರ ಅಗತ್ಯ ಹೆಚ್ಚುತ್ತದೆ. ಚಿಪ್ಪಿನ ರಂಧ್ರಗಳು ಹೆಚ್ಚುವುದಿಲ್ಲ. ಕೊನೆಯ ದಿನಗಳಲ್ಲಿ ಮೊಟ್ಟೆಯ ಗಾಳಿಕೋಣೆಯಲ್ಲಿ ಇಂಗಾಲಾಮ್ಲ ವಾಯು ಶೇಕಡಾ ಐದಾರರಷ್ಟಕ್ಕೆ ಏರುತ್ತದೆ. ಆಗ ಮರಿ ಒಳಪೊರೆಯನ್ನು ಕೊಕ್ಕಿನಿಂದ ಹರಿದು, ಆ ಗಾಳಿಕೋಣೆಗೆ ಮೂಗು ಚಾಚಿ, ಬಾಳಿನ ಮೊದಲನೆಯ ಉಸಿರನ್ನು ಎಳೆಯುತ್ತದೆ. ಅನಂತರವೇ ಚಿಪ್ಪು ಒಡೆಯುವುದು. ಈ ಉಸಿರಿನೊಡನೆ ಅದಕ್ಕೆ ದನಿಯೂ ಬರುತ್ತದೆ. ಅಮೆರಿಕದ ಬಿಳಿ ಹೆಜ್ಜಾರ್ಲೆಯ ಮರಿ ಚಿಪ್ಪಿನಿಂದ ಹೊರಬರುವ ಮುನ್ನವೇ ಚಳಿಯಾದರೆ ಕೂಗಿಕೊಂಡು ತಾಯಿತಂದೆಗಳಿಂದ ಕಾವನ್ನು ಬೇಡುತ್ತದೆ ಎಂಬುದನ್ನು ರೋಜರ್ ಇವಾನ್ಸ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ತೋರಿಸಿಕೊಟ್ಟರು. ಪೊರೆಯಿಂದ ಶ್ವಾಸಕೋಶಕ್ಕೆ ಉಸಿರಿನ ಹೊಣೆ ದಾಟುವ ಈ ಘಟ್ಟ ಮರಿಯ ಬಾಳಿನಲ್ಲಿ ಅತ್ಯಂತ ನಾಜೂಕಿನದು.

ಮೊಟ್ಟೆಯೊಡೆದು ಬಂದ ಹೆಜ್ಜಾರ್ಲೆಯ ಮರಿ ಬೆತ್ತಲೆಯಾಗಿರುತ್ತದೆ. ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮೈ ತಣ್ಣಗಾದರೆ ಜೀವಕೋಶಗಳ ಉರಿ ಕುಗ್ಗುತ್ತದೆ, ಉಸಿರೂ ಕುಗ್ಗುತ್ತದೆ. ತುಪ್ಪಳ ಮೂಡಿ, ಮಾಂಸಖಂಡಗಳು ಬಲಿತು, ಮೈಬಿಸಿ ನೆಲೆಗೊಂಡಂತೆ ಉಸಿರಾಟವೂ ಬಲಗೊಳ್ಳುತ್ತದೆ. ಹೀಗೆ ಎರಡು ದಿನದ ಮರಿಗೂ ಎರಡು ತಿಂಗಳ ಮರಿಗೂ ಉಸಿರಿನ ಶಕ್ತಿಯಲ್ಲಿ ಬಹಳ ಅಂತರವುಂಟು.

ವಯಸ್ಸಿನಂತೆಯೇ ತೊಟ್ಟಿಲೂ ಮುಖ್ಯ. ಹೆಜ್ಜಾರ್ಲೆಯ ತೊಟ್ಟಿಲು ಮರದ ನೆತ್ತಿ; ಅಲ್ಲಿ ಗಾಳಿಗೆ ಬರವಿಲ್ಲ. ಆದರೆ ಎಲ್ಲ ಹಕ್ಕಿಗಳಿಗೂ ಈ ಭಾಗ್ಯವಿಲ್ಲ. ಮಿಂಚುಳ್ಳಿ, ಕಳ್ಳಿಪೀರ ಮೊದಲಾದ ಹಕ್ಕಿಗಳು ಹೊಳೆಯ ದಂಡೆಯಂತಹ ಮಣ್ಣಿನ ಗೋಡೆಗಳಲ್ಲಿ ಸುರಂಗ ಕೊರೆದು, ಅದರ ಕೊನೆಯ ಕತ್ತಲೆಕೋಣೆಯಲ್ಲಿ ಮರಿಮಾಡುತ್ತವೆ. ನಾಲ್ಕೈದು ಮರಿಗಳು ಒತ್ತಿಕೊಂಡು ಕುಳಿತ ಆ ಕೋಣೆಗೆ ಇರುವುದು ಒಂದೇ ಬಾಗಿಲು. ಮರಿಗಳು ಬಿಟ್ಟ ಉಸಿರು ಅಲ್ಲಿಯೇ ನಿಲ್ಲುತ್ತದೆ. ಯೂರೋಪಿನ ಕಳ್ಳಿಪೀರಗಳ ಬಿಲಗಳನ್ನು ಪರೀಕ್ಷಿಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂತಹ ಗೂಡಿನ ಗಾಳಿ ಹೊರಗಿನ ಗಾಳಿಗಿಂತ ಎಷ್ಟು ಕೆಟ್ಟಿರಬಲ್ಲುದೆಂಬುದನ್ನು ಅಳೆದು ತೋರಿಸಿತು. ಅಲ್ಲಿ ಆಮ್ಲಜನಕ ಇಳಿದಿರುತ್ತದೆ. ಇಂಗಾಲಾಮ್ಲ ವಾಯು ಹೊರಗಿನದಕ್ಕಿಂತ ಹಲವು ಹತ್ತು ಪಟ್ಟು ಏರಿರುತ್ತದೆ. ತಾಯಿತಂದೆಗಳು ಸುರಂಗದೊಳಗೆ ಬಂದುಹೋಗುವಾಗ ಹಳೆಯ ಗಾಳಿ ಒಂದಿಷ್ಟು ಹೊರದೂಡಲ್ಪಡುತ್ತದೆ. ಉಳಿದದ್ದು ಮಣ್ಣಿನ ಸಂದುಗಳಲ್ಲಿ ನಿಧಾನವಾಗಿ ಇಂಗಿಹೋಗಬೇಕು.

ಅಂತಹ ಗಾಳಿಯಲ್ಲಿ ಬಾಳುವ ಹಕ್ಕಿ ಇಂಗಾಲಾಮ್ಲ ವಾಯು ಸ್ವಲ್ಪ ಏರಿದೊಡನೆ ಏದುಸಿರು ಬಿಡತೊಡಗಿದರೆ ಗತಿಯೇನು? ಹಗಲಿರುಳು ಏದುವುದರಲ್ಲಿಯೇ ಅದರ ಶಕ್ತಿಯೆಲ್ಲ ಸೋರಿಹೋದೀತು. ಬಾಗ್ಸ್ ಮತ್ತು ಕಿಲ್ಗೋರ್ ಎಂಬ ಅಮೆರಿಕದ ವಿಜ್ಞಾನಿಗಳು 1983ರಲ್ಲಿ ಬಿಲದಲ್ಲಿ ವಾಸಿಸುವ ಗೂಬೆಯನ್ನೂ, ಬಯಲಿನಲ್ಲಿ ಗೂಡುಮಾಡುವ, ಲಾವಕ್ಕಿಯನ್ನು ಹೋಲುವ ಬಾಬ್‌ವೈಟ್ ಎಂಬ ಹಕ್ಕಿಯನ್ನೂ ಹೋಲಿಸಿ ನೋಡಿದರು. ಇಂಗಾಲಾಮ್ಲ ವಾಯು ಬೆರೆತ ಗಾಳಿಯನ್ನು ಕೊಟ್ಟಾಗ ಬಿಲದ ಗೂಬೆಯ ಉಸಿರು ಬಯಲಿನ ಹಕ್ಕಿಯದರಷ್ಟು ಹೆಚ್ಚಲಿಲ್ಲ. ಒಬ್ಬನಿಗೆ ಎಚ್ಚರಿಕೆಯ ಗಂಟೆಯಾದದ್ದು ಇನ್ನೊಬ್ಬನಿಗೆ ದಿನನಿತ್ಯದ ಸದ್ದು!

ಬಯಲಿನ ತೊಟ್ಟಿಲಿಗೆ ಬೇರೆ ಬಗೆಯ ಕಷ್ಟವುಂಟು. ಅದು ಬಿಸಿಲಿನ ತಾಪ. ಬೇಸಗೆಯ ನಡುಹಗಲಿನಲ್ಲಿ ಕೊಕ್ಕರೆ ಬೆಳ್ಳೂರಿನ ಮರಗಳ ಕೆಳಗೆ ನಿಂತು ತಲೆಯೆತ್ತಿದರೆ, ಹೆಜ್ಜಾರ್ಲೆಗಳು ಕೊಕ್ಕು ತೆರೆದು ಗಂಟಲಿನ ಚೀಲವನ್ನು ಪಟಪಟನೆ ಅದುರಿಸುತ್ತಿರುವುದು ಕಾಣುತ್ತದೆ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ಗಂಟಲುಗಳ ತೇವ ಆವಿಯಾಗುವುದರಿಂದಲೇ ಅವು ಮೈಯನ್ನು ಬಹುಮಟ್ಟಿಗೆ ತಂಪುಮಾಡಿಕೊಳ್ಳಬೇಕು. ಆದರೆ ಅದಕ್ಕಾಗಿ ಆಳವಾಗಿ, ಬೇಗಬೇಗನೆ ಉಸಿರಾಡಿದರೆ ರಕ್ತದಲ್ಲಿರುವ ಇಂಗಾಲಾಮ್ಲ ವಾಯು ಮಿತಿಮೀರಿ ಹೊರಟುಹೋಗಿ ರಕ್ತದ ಹದ ಕೆಡುತ್ತದೆ. ಗಂಟಲಿನ ಚೀಲದ ಅದುರಾಟ ಈ ಇಕ್ಕಟ್ಟಿಗೆ ಪರಿಹಾರ. ಜಾರ್ಜ್ ಬಾರ್ಥಲೊಮ್ಯೂ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಹೆಜ್ಜಾರ್ಲೆ, ನೀರುಕಾಗೆ ಮೊದಲಾದ ಹಕ್ಕಿಗಳಲ್ಲಿ ಇದನ್ನು ಪರೀಕ್ಷಿಸಿದರು. ಗಂಟಲಿನ ತೇವದ ಮೇಲೆ ಗಾಳಿ ಬೀಸುತ್ತದೆ. ಶ್ವಾಸಕೋಶದ ಆಳದ ಗಾಳಿ ಮಾತ್ರ ಅಷ್ಟಾಗಿ ಕಲಕುವುದಿಲ್ಲ. ಬೀಸಣಿಗೆ ಬೀಸಿಕೊಂಡೂ ಒಲೆಯ ಉರಿಯನ್ನು ಕೆಡಿಸದಂತಹ ಜಾಣ್ಮೆ ಇದು. ಎಳೆಯ ಮರಿಗಳಿಗೆ ಇಷ್ಟು ಸಾಲದು. ಆದುದರಿಂದ ದೊಡ್ಡ ಹಕ್ಕಿಗಳು ಬಿಸಿಲಿಗೆ ಅಡ್ಡಲಾಗಿ ನಿಂತು, ರೆಕ್ಕೆಯ ನೆರಳಿನಲ್ಲಿ ಅವನ್ನು ಕಾಪಾಡುತ್ತವೆ. ಬಣ್ಣದ ಕೊಕ್ಕರೆಗಳು ರೆಕ್ಕೆಯನ್ನು ಕೊಡೆಯಂತೆ ಹರಡಿ ನಿಲ್ಲುವುದು ಇಲ್ಲಿನ ಪರಿಚಿತ ನೋಟ.

ವಯಸ್ಸು, ತೊಟ್ಟಿಲು - ಈ ಎರಡರೊಡನೆ ವಿಜ್ಞಾನಿಗಳು ಮೂರನೆಯದನ್ನೂ ಕೇಳುತ್ತಾರೆ: ಮರಿ ಗಂಡೋ ಹೆಣ್ಣೋ? ಗೂಡಿನಲ್ಲಿರುವ ಹೆಜ್ಜಾರ್ಲೆಯ ಮರಿಗಳಲ್ಲಿ ಈ ಭೇದವನ್ನು ಕಣ್ಣಿನಿಂದ ಗುರುತಿಸುವಂತಿಲ್ಲ. 1990ರ ದಶಕದ ಕೊನೆಯ ವೇಳೆಗೆ ಒಂದು ಹನಿ ರಕ್ತದಿಂದ ಅಥವಾ ಒಂದು ಗರಿಯಿಂದಲೇ ಹಕ್ಕಿಯ ಲಿಂಗವನ್ನು ತಿಳಿಯುವ ವಂಶವಾಹಿ ಪರೀಕ್ಷೆಗಳು ಬಳಕೆಗೆ ಬಂದವು. ಆದರೂ ಈ ಪ್ರಶ್ನೆಯೇಕೆ? ಗಂಡುಹೆಣ್ಣುಗಳ ದೇಹದ್ರವಗಳು ಉಸಿರಿನ ಮೇಲೂ ಪ್ರಭಾವ ಬೀರಬಲ್ಲವು. ಮನುಷ್ಯರಲ್ಲಿ ಗರ್ಭಿಣಿಯ ಉಸಿರಾಟ ಪ್ರೊಜೆಸ್ಟಿರೋನ್ ಎಂಬ ಹಾರ್ಮೋನಿನಿಂದ ಹೆಚ್ಚಿ, ರಕ್ತದಲ್ಲಿನ ಇಂಗಾಲಾಮ್ಲ ವಾಯು ಇಳಿಯುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಲ್ಲಿ ಉಸಿರಾಟದ ತೊಂದರೆ ಹೆಣ್ಣುಕೂಸುಗಳಿಗಿಂತ ಗಂಡುಕೂಸುಗಳಿಗೆ ಹೆಚ್ಚು. ಬೇವಿಸ್ ಮತ್ತು ಕಿಲ್ಗೋರ್ ಎಂಬ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಾವಕ್ಕಿಯ ಮೊಟ್ಟೆಗಳನ್ನು ಇಂಗಾಲಾಮ್ಲ ವಾಯು ಹೆಚ್ಚಾಗಿರುವ ಗಾಳಿಯಲ್ಲಿಟ್ಟು, ಆ ಮರಿಗಳು ದೊಡ್ಡವಾದ ಬಳಿಕ ಅವುಗಳ ಉಸಿರನ್ನು ಪರೀಕ್ಷಿಸಿದರು. ಗಂಡು ಹೆಣ್ಣುಗಳೆಂಬ ಭೇದವೂ ಇಲ್ಲಿ ಗಣನೆಗೆ ಬರುತ್ತದೆಯೇ ಎಂಬುದನ್ನು ಅವರು ತಮ್ಮ ಅಧ್ಯಯನದ ಪ್ರಶ್ನೆಯನ್ನಾಗಿಯೇ ಎತ್ತಿಕೊಂಡರು. ಎಲ್ಲ ಮರಿಗಳನ್ನೂ ಒಂದೇ ರಾಶಿಯಲ್ಲಿಟ್ಟು ಸರಾಸರಿ ತೆಗೆದರೆ ಒಳಗಿನ ಭೇದಗಳು ಮರೆಯಾಗುತ್ತವೆ. ಬೇರ್ಪಡಿಸಿ ಅಳೆಯುವುದೇ ವಿಜ್ಞಾನದ ವಿವೇಕ.

ಪ್ರಾಯಕ್ಕೆ ಬಂದ ಹೆಣ್ಣುಹಕ್ಕಿಗೆ ಇಂಗಾಲಾಮ್ಲ ವಾಯುವಿನಿಂದ ಇನ್ನೊಂದು ಉಪಯೋಗವೂ ಉಂಟು. ಮೊಟ್ಟೆಯ ಚಿಪ್ಪಿನ ಬಹುಪಾಲು ಸುಣ್ಣಕಲ್ಲಿನ ದ್ರವ್ಯವೇ. ಆಹಾರದಿಂದ ಬಂದ ಸುಣ್ಣದ ಅಂಶ ಇಂಗಾಲಾಮ್ಲ ವಾಯುವಿನಿಂದ ಹುಟ್ಟಿದ ಅಂಶದೊಡನೆ ಕೂಡಿದಾಗ ಮಾತ್ರ ಚಿಪ್ಪು ಗಟ್ಟಿಯಾಗುತ್ತದೆ. ಬೇಸಗೆಯಲ್ಲಿ ಏದುಸಿರು ಬಿಡುವ ಹೇಂಟೆಗಳು ತೆಳುಚಿಪ್ಪಿನ ಮೊಟ್ಟೆಯಿಡುವುದಕ್ಕೆ ಈ ವಾಯು ಉಸಿರಿನೊಡನೆ ಸೋರಿಹೋಗುವುದೂ ಒಂದು ಕಾರಣ. ಅಂತಹ ಕೋಳಿಗಳಿಗೆ ಸೋಡಾನೀರನ್ನು ಕುಡಿಸಿ ಚಿಪ್ಪನ್ನು ಗಟ್ಟಿಗೊಳಿಸುವ ಪ್ರಯೋಗಗಳು 1980ರ ದಶಕದಲ್ಲಿ ಅಮೆರಿಕದಲ್ಲಿ ನಡೆದವು. ಮರಿಯ ಉಸಿರು ಹೊರಹೋಗುವ ರಂಧ್ರಗಳುಳ್ಳ ಚಿಪ್ಪು ತಾಯಿ ತನ್ನ ರಕ್ತದಲ್ಲಿ ಉಳಿಸಿಕೊಂಡ ಅದೇ ವಾಯುವಿನಿಂದ ಕಟ್ಟಲ್ಪಟ್ಟದ್ದು ಎಂಬುದು ನಿಸರ್ಗದ ಸೋಜಿಗಗಳಲ್ಲಿ ಒಂದು.

ಈ ತಿಳಿವಳಿಕೆಯಿಂದ ಮರದಡಿಯಲ್ಲಿ ಬಿದ್ದ ಮರಿಗೆ ಏನು ಪ್ರಯೋಜನ? ಪ್ರಯೋಜನ ಬಹಳವಿದೆ. ಹಕ್ಕಿಗೆ ವಪೆಯಿಲ್ಲ; ಎದೆಯ ಮೂಳೆ ಅಲುಗಿದರೆ ಮಾತ್ರ ಅದರ ಉಸಿರು ಸಾಗುತ್ತದೆ. ಆದುದರಿಂದ ಪ್ರೀತಿಯಿಂದಲೇ ಆದರೂ ಮರಿಯ ಎದೆಯನ್ನು ಬಿಗಿಯಾಗಿ ಒತ್ತಿ ಹಿಡಿದರೆ, ಮೂಗುಬಾಯಿಗಳು ತೆರೆದಿದ್ದರೂ ಅದು ಉಸಿರುಗಟ್ಟಿ ಸಾಯಬಹುದು. ಮುಚ್ಚಿದ ಪೆಟ್ಟಿಗೆಯಲ್ಲಿಯೋ ಪ್ಲಾಸ್ಟಿಕ್ ಚೀಲದಲ್ಲಿಯೋ ಇಟ್ಟು ಸಾಗಿಸಿದರೆ ಅದು ಬಿಟ್ಟ ಉಸಿರೇ ಅದಕ್ಕೆ ಮುಳುವಾಗುತ್ತದೆ. ಬಯಲಿನ ತೊಟ್ಟಿಲಿನಲ್ಲಿ ಹುಟ್ಟಿದ ಹೆಜ್ಜಾರ್ಲೆ ಬಿಲದ ಗೂಬೆಯಲ್ಲ. ಬಿಸಿಲಿನಲ್ಲಿ ಬಿಟ್ಟರೆ ತೇವವನ್ನೆಲ್ಲ ಕಳೆದುಕೊಳ್ಳುತ್ತದೆ; ತೀರ ಎಳೆಯದಾಗಿದ್ದರೆ ನೆರಳಿನ ಜೊತೆಗೆ ಮೈಬಿಸಿಯೂ ಬೇಕಾಗುತ್ತದೆ. ಮರಿಯ ಕೊಕ್ಕನ್ನು ದಾರದಿಂದ ಕಟ್ಟಿದರೆ ಗಂಟಲಿನ ಬೀಸಣಿಗೆಯನ್ನು ಕಿತ್ತುಕೊಂಡಂತೆ. ಗಾಳಿಯಾಡುವ, ನೆರಳಿರುವ ಆವರಣ ಏಕೆ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

2017ರ ಕೊನೆಯಲ್ಲಿಯೂ 2018ರ ಆರಂಭದಲ್ಲಿಯೂ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದರಂತೆ ಸತ್ತವು. ಸತ್ತ ಹಕ್ಕಿಗಳನ್ನು ಪಶುವೈದ್ಯರು ಪರೀಕ್ಷಿಸಿದಾಗ ಒಡಲಿನಲ್ಲಿ ದುಂಡುಹುಳುಗಳು ಕಂಡುಬಂದವು. ಹಕ್ಕಿಗಳ ಮೇಲೆ ಊರಿನವರಿಗಿದ್ದ ಮಮತೆ ಆ ದಿನಗಳಲ್ಲಿ ಕಡಿಮೆಯಾಗಿರಲಿಲ್ಲ. ಆದರೆ ಮಮತೆಯೊಂದರಿಂದಲೇ ರೋಗದ ಕಾರಣ ತಿಳಿಯುವುದಿಲ್ಲ. ಅದಕ್ಕೆ ಪರೀಕ್ಷೆ ಬೇಕು, ಅಳತೆ ಬೇಕು, ತಾಳ್ಮೆ ಬೇಕು. ಹಾಗೆಯೇ ಬರಿಯ ಅಳತೆಯಿಂದಲೂ ಹಕ್ಕಿ ಉಳಿಯುವುದಿಲ್ಲ. ಹುಣಸೆಯ ಫಸಲನ್ನು ಬಿಟ್ಟುಕೊಟ್ಟು ಮರವನ್ನು ಉಳಿಸಿದವರಿಲ್ಲದಿದ್ದರೆ ಅಳೆಯಲು ಮರಿಗಳೇ ಇರುತ್ತಿರಲಿಲ್ಲ.

ಹೆರಿಗೆಗೆ ಬಂದ ಮಗಳನ್ನು ನೋಡಿಕೊಳ್ಳುವ ತಾಯಿ, ಕೂಸು ಎಷ್ಟು ದಿನದ್ದು, ಅದರ ಮೈ ಬೆಚ್ಚಗಿದೆಯೇ, ಉಸಿರು ಸರಾಗವಾಗಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಾಳೆ. ಎಲ್ಲ ಕೂಸುಗಳಿಗೂ ಒಂದೇ ಅಳತೆಯೆಂದು ಅವಳು ಎಣಿಸುವುದಿಲ್ಲ. ಹಕ್ಕಿಗೆ ತವರಾದ ಊರು ಪ್ರತಿಯೊಂದು ಮರಿಯ ವಯಸ್ಸನ್ನೂ ಜಾತಿಯನ್ನೂ ಉಸಿರಿನ ರೀತಿಯನ್ನೂ ಹೀಗೆಯೇ ಬೇರೆಬೇರೆಯಾಗಿ ಅರಿತಾಗ ತವರೆಂಬ ಮಾತು ಸಾರ್ಥಕವಾಗುತ್ತದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಕೊಕ್ಕರೆ ಬೆಳ್ಳೂರಿನವರು ಹಕ್ಕಿಗಳನ್ನು ಯಾರೆಂದು ಭಾವಿಸುತ್ತಾರೆ?
2. ಮರಿಹಕ್ಕಿ ತನ್ನ ಮೊದಲನೆಯ ಉಸಿರನ್ನು ಎಲ್ಲಿ ಎಳೆಯುತ್ತದೆ?
3. ಸುರಂಗದಲ್ಲಿ ಗೂಡುಮಾಡುವ ಎರಡು ಹಕ್ಕಿಗಳನ್ನು ಹೆಸರಿಸಿರಿ.

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಹಕ್ಕಿಯ ಉಸಿರಾಟ ಮನುಷ್ಯನ ಉಸಿರಾಟಕ್ಕಿಂತ ಹೇಗೆ ಭಿನ್ನವಾಗಿದೆ?
2. ಹೆಜ್ಜಾರ್ಲೆ ಗಂಟಲಿನ ಚೀಲವನ್ನು ಅದುರಿಸುವುದರಿಂದ ಆಗುವ ಪ್ರಯೋಜನವೇನು?
3. ಬೇಸಗೆಯಲ್ಲಿ ಕೋಳಿಮೊಟ್ಟೆಯ ಚಿಪ್ಪು ತೆಳುವಾಗಲು ಕಾರಣವೇನು?

ಇ) ಸಂದರ್ಭ ಸಹಿತ ವಿವರಿಸಿರಿ:
1. “ಒಬ್ಬನಿಗೆ ಎಚ್ಚರಿಕೆಯ ಗಂಟೆಯಾದದ್ದು ಇನ್ನೊಬ್ಬನಿಗೆ ದಿನನಿತ್ಯದ ಸದ್ದು!”
2. “ಬೇರ್ಪಡಿಸಿ ಅಳೆಯುವುದೇ ವಿಜ್ಞಾನದ ವಿವೇಕ.”

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ:
ಉಸಿರಾಟ, ಮರವನ್ನು, ಹೆದ್ದಾರಿಯಲ್ಲಿ

ಉ) ಚಟುವಟಿಕೆ: ನಿಮ್ಮ ಊರಿನಲ್ಲಿ ಗೂಡುಕಟ್ಟುವ ಹಕ್ಕಿಗಳನ್ನು ದೂರದಿಂದಲೇ ಗಮನಿಸಿ, ಬಯಲಿನಲ್ಲಿ ಮರಿಮಾಡುವವು ಯಾವುವು, ಬಿಲ ಅಥವಾ ಪೊಟರೆಯಲ್ಲಿ ಮರಿಮಾಡುವವು ಯಾವುವು ಎಂದು ಪಟ್ಟಿಮಾಡಿರಿ.